ದಿಕ್ಕೂ ದಾರಿಯೂ

ನನ್ನ ಕೈಯಲ್ಲಿ ಓದಿದ ಹುಡುಗನೊಬ್ಬನು ಈಗ ಯೂರೋಪಿನಲ್ಲಿ ಉದ್ಯೋಗದಲ್ಲಿರುವನು. ಹೋದ ತಿಂಗಳು ಅವನು ದೂರವಾಣಿಯಲ್ಲಿ ಮಾತನಾಡುತ್ತ, ಮೂವರು ಗೆಳೆಯರೊಡನೆ ಗ್ರೀನ್‌ಲೆಂಡಿನ ಸಾಹಸಪಂದ್ಯವೊಂದಕ್ಕೆ ಹೊರಟಿರುವೆನೆಂದು ತಿಳಿಸಿದನು. ಬೆಟ್ಟವನ್ನೇರಿ ಓಡಬೇಕು, ಹಿಮನದಿಯನ್ನು ದಾಟಬೇಕು, ಸಮುದ್ರದ ಕವಲಿನಲ್ಲಿ ಸಣ್ಣ ದೋಣಿಯನ್ನು ನಡೆಸಬೇಕು, ಸೈಕಲ್ಲನ್ನೂ ತುಳಿಯಬೇಕು. ದಾರಿಗೆ ನಕಾಶೆಯೂ ದಿಕ್ಸೂಚಿಯೂ ಮಾತ್ರವೇ ಆಧಾರ. “ಆಶೀರ್ವಾದ ಮಾಡ್ರಿ ಸರ” ಎಂದವನು, ತುಸು ನಕ್ಕು, “ಮಹಾಕೂಟದ ರಾತ್ರಿ ನೆನಪೈತೇನ್ರಿ?” ಎಂದು ಕೇಳಿದನು. ಆಶೀರ್ವದಿಸಿದೆನು. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಅದು ೧೯೯೮ರ ಫಾಲ್ಗುಣಮಾಸ. ಹನ್ನೊಂದು ಜನ ಹುಡುಗರನ್ನು ಕರೆದುಕೊಂಡು ಬಾದಾಮಿಯಿಂದ ಗುಡ್ಡದ ಕಾಲುದಾರಿಯಿಂದ ಮಹಾಕೂಟಕ್ಕೆ ಹೋಗಿದ್ದೆನು. ಒಂದು ಹರದಾರಿಯಷ್ಟೇ ದಾರಿ. ವಿಷ್ಣುಪುಷ್ಕರಿಣಿಯ ತಂಪಿನಲ್ಲಿ ಹುಡುಗರು ಮೈಮರೆತರು, ನಾನೂ ಮರೆತೆನು. ಹಿಂದಿರುಗುವಾಗ ಹೊತ್ತು ಮುಳುಗುತ್ತಲಿದ್ದಿತು. ನಮ್ಮ ಗುಡ್ಡಗಳನ್ನು ಬಲ್ಲ ವಾಚಕರಿಗೆ ಹೇಳಬೇಕಾದುದಿಲ್ಲ: ಕೆಂಪು ಮರಳುಗಲ್ಲಿನ ಹಾಸುಬಂಡೆಯ ಮೇಲೆ ಹೆಜ್ಜೆಯ ಗುರುತು ನಿಲ್ಲುವುದಿಲ್ಲ. ದಾರಿ ತಪ್ಪಿತು. ಬಾದಾಮಿಯು ಮಹಾಕೂಟದ ಪಶ್ಚಿಮಕ್ಕಿರುವುದು, ಎದುರಿಗೆ ಸೂರ್ಯನಿರುವನು, ಆದುದರಿಂದ ಸೂರ್ಯನ ಕಡೆಗೆ ನಡೆದರಾಯಿತು—ಎಂದು ಅನುಮಾನಪ್ರಮಾಣದಿಂದ ನಿಶ್ಚಯಿಸಿ, ಒಂದು ಕೊರಕಲಿನಲ್ಲಿ ಇಳಿಯತೊಡಗಿದೆನು.

ಕುರುಬರ ಮನೆಯ ಹುಡುಗನೊಬ್ಬನು ನಿಂತುಬಿಟ್ಟನು. “ಸರ, ಇದು ದಾರಿ ಅಲ್ಲರಿ. ಆಡು ಸೈತ ಇಲ್ಲಿ ಇಳಿಯಂಗಿಲ್ಲರಿ” ಎಂದನು. “ದಿಕ್ಕು ನನಗೆ ತಿಳಿಯದೇನೋ?” ಎಂದು ಗದರಿಸಿದೆನು. ಇಪ್ಪತ್ತು ಹೆಜ್ಜೆಯ ಮುಂದೆ ಬಂಡೆಯೇ ಮುಗಿಯಿತು. ಮುಂದಿದ್ದ ಹುಡುಗನ ಕಾಲಿಗೆ ತಗುಲಿದ ಕಲ್ಲೊಂದು ಉರುಳಿತು. ಅದು ಕೆಳಗೆ ಬಿದ್ದ ಸಪ್ಪಳವು ಬಹಳ ತಡವಾಗಿ ಕೇಳಿಸಿತು. ಆ ಹುಡುಗನ ಅಂಗಿಯನ್ನು ನಾನು ಹಿಡಿದುಕೊಂಡಿದ್ದೆನು. ಇಂದು ಗ್ರೀನ್‌ಲೆಂಡಿಗೆ ಹೊರಟವನು ಅವನೇ.

ಆಮೇಲೆ ಕುರುಬರ ಹುಡುಗನೇ ನಮಗೆ ಗುರುವಾದನು. ಅವನು ಬಾದಾಮಿಯನ್ನು ಹುಡುಕಲಿಲ್ಲ; ನಮಗೆ ಖಚಿತವಾಗಿ ತಿಳಿದಿದ್ದ ಕೊನೆಯ ಸ್ಥಳಕ್ಕೆ, ಎಂದರೆ ಮಹಾಕೂಟದ ಮೇಲಿನ ಕಲ್ಲುಬಾಗಿಲಿಗೆ, ನಮ್ಮನ್ನು ಹಿಂದಕ್ಕೆ ತಂದನು. ಆ ರಾತ್ರಿ ಗುಡಿಯಲ್ಲಿ ಮಲಗಿದೆವು. ಊರಿಗೆ ಸುದ್ದಿ ಮುಟ್ಟಿಸುವ ಉಪಾಯವಿರಲಿಲ್ಲ. ಬೆಳಗಾಗಿ ಬಾದಾಮಿಗೆ ಬಂದಾಗ ಒಬ್ಬ ತಾಯಿಯು ಮಗನ ತಲೆಯನ್ನು ಸವರಿ, ನನ್ನ ಕಡೆಗೆ ನೋಡಿದಳು, ಏನೂ ಅನ್ನಲಿಲ್ಲ. ಬೈದಿದ್ದರೆ ನಾನು ಇಷ್ಟು ದಿನ ನೆನೆಯುತ್ತಿರಲಿಲ್ಲವೇನೋ.

ಛಾಂದೋಗ್ಯೋಪನಿಷತ್ತಿನಲ್ಲಿ ಗಂಧಾರದವನೊಬ್ಬನ ದೃಷ್ಟಾಂತವುಂಟು. ಕಣ್ಣು ಕಟ್ಟಿ ನಿರ್ಜನದಲ್ಲಿ ಬಿಡಲ್ಪಟ್ಟ ಅವನ ಕಟ್ಟನ್ನು ಯಾರೋ ಬಿಚ್ಚಿ, ಗಂಧಾರವು ಇಂಥ ದಿಕ್ಕಿನಲ್ಲಿದೆಯೆಂದು ಹೇಳುವರು. ಅವನು ಊರಿಂದೂರಿಗೆ ಕೇಳುತ್ತ ಹೋಗಿ ತನ್ನ ನಾಡನ್ನು ಸೇರುವನು. ಪಾಠಶಾಲೆಯಲ್ಲಿ ಇದನ್ನು ಓದಿದ್ದೆನು. ಆದರೆ ದಿಕ್ಕು ತಿಳಿದವನೂ ಕೇಳುತ್ತಲೇ ಹೋದನೆಂಬುದು ಮಾತ್ರ ಆ ಕೊರಕಲಿನ ತುದಿಯಲ್ಲಿಯೇ ನನಗೆ ಅರ್ಥವಾಯಿತು.

ಧ್ರುವಪ್ರದೇಶದಲ್ಲಿ ಕೇಳುವುದಕ್ಕೆ ಊರುಗಳಿಲ್ಲ. ಬೇಸಗೆಯಲ್ಲಿ ರಾತ್ರಿಯೂ ಬೆಳಕಿರುವುದರಿಂದ ನಕ್ಷತ್ರಗಳೂ ಕಾಣವು. ನಮ್ಮೂರಲ್ಲಿ ಕ್ಷಿತಿಜದಿಂದ ಸುಮಾರು ೧೬ ಅಂಶ ಮಾತ್ರ ಮೇಲಿರುವ ಧ್ರುವನು, ಅಲ್ಲಿ ಚಳಿಗಾಲದಲ್ಲಿ ಕಂಡರೂ ನೆತ್ತಿಯ ಸಮೀಪಕ್ಕೆ ಏರಿರುವನು. ದಿಕ್ಸೂಚಿಯೂ ನಿಜವಾದ ಉತ್ತರವನ್ನು ತೋರದು. ನಮ್ಮಲ್ಲಿ ಆ ಅಂತರವು ಗಣನೆಗೆ ಬಾರದಷ್ಟು ಅಲ್ಪ. ಗ್ರೀನ್‌ಲೆಂಡಿನ ಪಶ್ಚಿಮ ತೀರದಲ್ಲಿಯಾದರೋ ಮುಳ್ಳು ೨೦ ಅಂಶಗಳಿಗೂ ಹೆಚ್ಚಾಗಿ ಪಶ್ಚಿಮಕ್ಕೆ ವಾಲುವುದು. ೨೦ ಅಂಶ ತಪ್ಪಿ ಒಂದು ಕಿಲೋಮೀಟರು ನಡೆದವನು ಗುರಿಯಿಂದ ೩೫೦ ಮೀಟರುಗಳಷ್ಟು ದೂರ ಸರಿದಿರುವನು. ಆದಕಾರಣ ನಕಾಶೆಯಲ್ಲಿಯ ಹಳ್ಳ, ದಿಬ್ಬ, ಕೊಳಗಳನ್ನೇ ಊರುಗಳೆಂದು ಬಗೆದು, ಒಂದೊಂದರಲ್ಲಿಯೂ ನಿಂತು “ನಾನು ಎಲ್ಲಿರುವೆನು?” ಎಂದು ಕೇಳಿಕೊಳ್ಳಬೇಕು.

ಶೀತದ ಸಂಗತಿಯು ಇನ್ನೂ ಕಠಿನವಾದುದು. ಹಿಮನೀರಿನಲ್ಲಿ ದೋಣಿ ಮಗುಚಿದರೆ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಕ್ಕದು. ಆಗ ತೇಲಿಸುವ ಅಂಗಿಯೇ ಪ್ರಾಣ. ಹಿಮನದಿಯ ಬಿರುಕುಗಳನ್ನು ಹಿಮವು ಮುಚ್ಚಿರುವುದರಿಂದ ಒಂದೇ ಹಗ್ಗಕ್ಕೆ ಎಲ್ಲರೂ ಕಟ್ಟಿಕೊಂಡು ನಡೆಯಬೇಕು. ದೇಹದ ಶಾಖವು ೩೫ ಅಂಶ ಸೆಲ್ಸಿಯಸ್‌ಗಿಂತ ಇಳಿಯಿತೆಂದರೆ ನಡುಕ ಹುಟ್ಟುವುದು, ಮಾತು ತೊದಲುವುದು, ವಿವೇಕವು ಮಂಕಾಗುವುದು. ಹಾಗಾದವನಿಗೆ ತಾನು ಹಾಗಾದುದು ತಿಳಿಯದು. ಒಡನಿದ್ದವರೇ ಕಂಡು ನಿಲ್ಲಿಸಬೇಕು. ನನ್ನ ವಿವೇಕವನ್ನು ಕೆಡಿಸುವುದಕ್ಕೆ ಶೀತವೂ ಬೇಕಾಗಲಿಲ್ಲ; ಮೇಷ್ಟ್ರೆಂಬ ಅಭಿಮಾನವೇ ಸಾಕಾಯಿತು.

ಮರುದಿನ ಅವನಿಗೆ ಇಷ್ಟನ್ನೇ ಬರೆದೆನು: “ಚಿರಂಜೀವಿಯೇ, ಹಿಂದಿರುಗುವ ಹೊತ್ತನ್ನು ಮನೆಯಲ್ಲಿ ಹೇಳಿ ಹೊರಡು. ದಾರಿ ತಪ್ಪಿದರೆ ಮುಂದಕ್ಕೆ ಹೋಗಬೇಡ. ತಿಳಿದ ಸ್ಥಳಕ್ಕೆ ಮರಳು. ನಿಮ್ಮ ನಾಲ್ವರಲ್ಲಿ ‘ಇದು ದಾರಿಯಲ್ಲ’ ಎನ್ನುವವನು ಯಾವನೆಂಬುದನ್ನು ಮೊದಲೇ ತಿಳಿದುಕೊಂಡಿರು. ಅವನು ಎಷ್ಟೇ ಚಿಕ್ಕವನಾಗಿರಲಿ, ಅವನು ನಿಂತಲ್ಲಿ ನಿಲ್ಲು. ನಾನು ನಿಲ್ಲಲಿಲ್ಲ.”