ಬಣ್ಣದ ಪೆಟ್ಟಿಗೆಯೊಡನೆ ಕೊಚ್ಚಿಗೆ

ಮಕ್ಕಳ ಮುಖಕ್ಕೆ ಬಣ್ಣ ಹಚ್ಚುವುದು ನಮ್ಮ ಕಸುಬೆಂದು ಹೇಳಿದರೆ ಕೇಳಿದವರು ನಗುವುದುಂಟು. ಮಗುವಿನ ಮುಖಕ್ಕಿಂತ ಚೆಲುವಾದುದು ಯಾವುದಿದೆ, ಅದರ ಮೇಲೆ ನೀವು ಹಚ್ಚುವುದಾದರೂ ಏನನ್ನು, ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅತ್ತಿಗೆ ನಾದಿನಿಯರಾದ ನಾವಿಬ್ಬರೂ ಬೆಂಗಳೂರಿನಲ್ಲಿ ಹನ್ನೆರಡು ವರ್ಷಗಳಿಂದ ಮದುವೆಯ ಹೆಣ್ಣುಗಳನ್ನು ಸಿಂಗರಿಸುತ್ತ ಬಂದವರು. ಈಚೆಗೆ ಬಟ್ಟೆಯ ವ್ಯಾಪಾರಿಗಳು ತಮ್ಮ ಜಾಹೀರಾತಿಗಾಗಿ ತೆಗೆಸುವ ಮಕ್ಕಳ ಚಿತ್ರಗಳಿಗೂ ಹೋಗತೊಡಗಿದ್ದೇವೆ. ಹಾಗೆ 2025ನೆಯ ಇಸವಿಯ ಜನವರಿಯಲ್ಲಿ ಐದು ಮಕ್ಕಳು, ಅವರ ತಾಯಂದಿರು, ಛಾಯಾಗ್ರಾಹಕರು, ಇವರೊಡನೆ ಕೊಚ್ಚಿಗೆ ಹೋಗಿಬಂದ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ರಾತ್ರಿಯ ರೈಲಿನಲ್ಲಿ ಎರ್ನಾಕುಳಂ ಸೇರಿ, ಅಲ್ಲಿಂದ ಜಲಮೆಟ್ರೋ ಎಂಬ ವಿದ್ಯುತ್ತಿನ ದೋಣಿಯಲ್ಲಿ ಫೋರ್ಟ್ ಕೊಚ್ಚಿಗೆ ದಾಟಿದೆವು. ಪೋರ್ತುಗೀಸರು ಕಟ್ಟಿ, 1663ರಲ್ಲಿ ಡಚ್ಚರು ಕಸಿದುಕೊಂಡು, 1795ರಲ್ಲಿ ಇಂಗ್ಲಿಷರ ಕೈಸೇರಿದ ಊರು ಅದು. ಹೆಂಚಿನ ಮಾಡು, ಹಳದಿಯ ಗೋಡೆ, ಬೀದಿಗೆ ಚಪ್ಪರ ಹಾಕಿದಂತೆ ಹರಡಿದ ಭಾರಿ ಮಳೆಮರಗಳು. ಪಾಚಿ ಹಿಡಿದ ಹಳೆಯ ಗೋಡೆಯ ಮುಂದೆ ಹೊಸ ಅಂಗಿ ಎದ್ದು ಕಾಣುವುದಂತೆ. ವ್ಯಾಪಾರಿಗಳು ಅಷ್ಟು ದೂರ ಹೋಗುವುದಕ್ಕೆ ಇತಿಹಾಸದ ಮೇಲಣ ಮಮತೆ ಕಾರಣವಲ್ಲ.

ಮಕ್ಕಳ ಚರ್ಮ ತೆಳುವಾದುದು. ದೊಡ್ಡವರಿಗೆ ಹಚ್ಚುವ ದಪ್ಪ ಲೇಪ ಅದಕ್ಕೆ ಸಲ್ಲದು. ಹಿಂದಿನ ದಿನವೇ ಮೊಳಕೈಯ ಒಳಮಡಿಕೆಯಲ್ಲಿ ಚೂರು ಹಚ್ಚಿ ದದ್ದು ಏಳುವುದೋ ಎಂದು ನೋಡುತ್ತೇವೆ. ಮಗುವಿಗೊಂದು ಕುಂಚ, ಮಗುವಿಗೊಂದು ಹತ್ತಿ. ಒಂದೇ ಕಾಡಿಗೆಯ ಕಡ್ಡಿ ಐದು ಕಣ್ಣುಗಳಿಗೆ ಸುತ್ತಿದರೆ ಕಣ್ಣುಬೇನೆಯೂ ಸುತ್ತುವುದು. ತುಟಿಗೆ ತುಪ್ಪವೇ ಸಾಕು, ಹೇಗೂ ನೆಕ್ಕಿಬಿಡುತ್ತಾರೆ. ಮಕ್ಕಳನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರಬಾರದು, ಗಳಿಕೆಯಲ್ಲಿ ನೂರಕ್ಕೆ ಇಪ್ಪತ್ತಾದರೂ ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು, ಎಂದು 2017ರ ಸರ್ಕಾರಿ ನಿಯಮವಿದೆ. ಅದರಲ್ಲಿ ಹೊತ್ತಿನ ಲೆಕ್ಕವಿದೆ, ಹಣದ ಲೆಕ್ಕವಿದೆ. ಬಣ್ಣದ ಲೆಕ್ಕವಿಲ್ಲ.

ಐವರಲ್ಲಿ ಕಿರಿಯವಳಿಗೆ ಆರು ವರ್ಷ. ನೇರಿಳೆಯ ಹಣ್ಣಿನ ಹೊಳಪಿನ ಕಪ್ಪು ಹುಡುಗಿ, ಮಾತಿಗೆ ಮೊದಲು ನಗುವವಳು. ಮೊದಲ ದಿನ ಬೆಳಗ್ಗೆ ಅವಳ ಮೂಗಿನ ಮೇಲೆ ಒಂದಿಷ್ಟು ಪುಡಿ ಒತ್ತಿ ಕಳುಹಿಸಿದೆವು. ಬಟ್ಟೆಯ ಕಂಪೆನಿಯವರು ಅವಳನ್ನು ಹಿಂದಕ್ಕೆ ಕಳುಹಿಸಿ, ಉಳಿದ ನಾಲ್ವರೊಡನೆ ಇವಳು ಹೊಂದುವುದಿಲ್ಲ, ತುಸು ತಿಳಿಯಾಗಿಸಿ, ಎಂದು ಹೇಳಿಸಿದರು. ನಾವು ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ತಾಯಿ ಹತ್ತಿರ ಬಂದು, "ಅಕ್ಕಾ, ಹಚ್ಚಿಬಿಡಿ. ಬೇಡವೆಂದರೆ ಮುಂದಿನ ಸಲ ಇವಳನ್ನು ಕರೆಯುವುದಿಲ್ಲ" ಎಂದು ಮೆಲ್ಲನೆ ಹೇಳಿದಳು. ಹಚ್ಚಿದೆವು. ಮುಖ ಬೆಳ್ಳಗಾದ ಮೇಲೆ ಕುತ್ತಿಗೆ ಬೇರೆಯಾಗಿ ಕಂಡಿತು. ಕುತ್ತಿಗೆಗೆ ಹಚ್ಚಿದರೆ ಕೈ. ಅರ್ಧ ಗಂಟೆ ಹಿಡಿಯಿತು. ಮಗು ಅಲುಗದೆ ಕುಳಿತಿತ್ತು. ತರುವಾಯ ಕಡಲ ದಡದ ಚೀನಾ ಬಲೆಯ ಬಳಿ, ಕಲ್ಲುಗಳನ್ನು ತೂಗಬಿಟ್ಟ ಹಗ್ಗವನ್ನು ಹಿಡಿಸಿ ಚಿತ್ರ ತೆಗೆದರು. ನಾಲ್ಕಾರು ಗಂಡಸರು ಸೇರಿ ಎಳೆಯುವ ಬಲೆ ಅದು.

ಸಂಜೆ ಕೊಬ್ಬರಿ ಎಣ್ಣೆಯ ಹತ್ತಿಯಿಂದ ಒರೆಸಲು ಕರೆದಾಗ ಹುಡುಗಿ ಎರಡು ಕೈಗಳಿಂದಲೂ ಕೆನ್ನೆ ಮುಚ್ಚಿಕೊಂಡು, "ಒರೆಸಬೇಡಿ ಆಂಟೀ, ನಾಳೆಯವರೆಗೂ ಇರಲಿ" ಎಂದಳು.

ನಮಗೆ ಮಾತು ಹೊರಡಲಿಲ್ಲ. ಹನ್ನೆರಡು ವರ್ಷಗಳಲ್ಲಿ ಎಷ್ಟು ಮದುವೆಯ ಹೆಣ್ಣುಗಳನ್ನು ಹೀಗೆ ತಿಳಿಯಾಗಿಸಿದ್ದೇವೆಯೋ ಲೆಕ್ಕವಿಲ್ಲ. ಅವರು ದೊಡ್ಡವರು, ಕೇಳಿ ಹಚ್ಚಿಸಿಕೊಂಡವರು, ಎಂದು ನಾವು ಅದರ ಗೊಡವೆಗೆ ಹೋಗಿರಲಿಲ್ಲ. ಅವರೂ ಆರು ವರ್ಷದವರಾಗಿದ್ದಾಗ ಯಾರಾದರೂ ಏನಾದರೂ ಹಚ್ಚಿರಬೇಕು. ಆ ರಾತ್ರಿ ಈ ಮಾತನ್ನೇ ಆಡುತ್ತ ಬಹಳ ಹೊತ್ತು ಎಚ್ಚರವಾಗಿದ್ದೆವು.

ಮರುದಿನ ಬಿಡುವು. ಆ ತಾಯಿ ಮಗಳನ್ನೂ ಕರೆದುಕೊಂಡು ಊರು ನೋಡಲು ಹೊರಟೆವು. ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿ, 1524ರಲ್ಲಿ ಈ ಊರಿನಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂಳಿದ್ದ ಜಾಗವಿದೆ. 1539ರಲ್ಲಿ ಅವನ ಅಸ್ಥಿಗಳನ್ನು ಪೋರ್ತುಗಲ್ಲಿಗೆ ಒಯ್ದರು. ಹುಡುಗಿಗೆ ಗಾಮನ ಗೊಡವೆ ಬೇಕಿರಲಿಲ್ಲ. ತಲೆಯ ಮೇಲೆ ತೂಗುವ ಬಟ್ಟೆಯ ಪಂಖಗಳನ್ನು ಹೊರಗಿನಿಂದ ಹಗ್ಗ ಹಿಡಿದು ಎಳೆಯುತ್ತಿದ್ದರೆಂದು ಕೇಳಿ, ಎಳೆಯುವವನಿಗೆ ಸೆಕೆಯಾಗುತ್ತಿರಲಿಲ್ಲವೇ ಎಂದು ಕೇಳಿದಳು.

ಅಲ್ಲಿಂದ ಮಟ್ಟಾಂಚೇರಿಯ ಅರಮನೆ. ಪೋರ್ತುಗೀಸರು 1555ರ ಸುಮಾರಿಗೆ ಕಟ್ಟಿಸಿ ಕೊಚ್ಚಿಯ ರಾಜನಿಗೆ ಒಪ್ಪಿಸಿದುದು. ಡಚ್ಚರು ದುರಸ್ತಿ ಮಾಡಿಸಿದುದರಿಂದ ಡಚ್ಚರ ಅರಮನೆಯೆಂದೇ ಹೆಸರಾಯಿತು. ಅರಸನ ಶಯ್ಯಾಗೃಹದ ಗೋಡೆಗಳ ತುಂಬ ರಾಮಾಯಣವನ್ನು ಬರೆದಿದ್ದಾರೆ. ಕೇರಳದ ಭಿತ್ತಿಚಿತ್ರಗಳಲ್ಲಿ ಸಾತ್ತ್ವಿಕರಿಗೆ ಹಸಿರು ಕೊಡುವುದು ಸಂಪ್ರದಾಯ. ರಾಮನು ಶ್ಯಾಮಲವರ್ಣದವನೆಂದು ಮನೆಯಲ್ಲಿ ಕೇಳಿದ್ದ ಹುಡುಗಿ, "ಇವನಿಗೂ ಹಚ್ಚಿದ್ದಾರೆಯೇ?" ಎಂದು ಕೇಳಿದಳು. ತಾಯಿ ಬೇರೆ ಕಡೆಗೆ ನೋಡಿದಳು. ನಾವೂ ಹಾಗೆಯೇ ಮಾಡಿದೆವೆಂದು ಒಪ್ಪಿಕೊಳ್ಳಬೇಕು.

ಸಂಜೆ ಕಥಕಳಿ. ಆಟಕ್ಕೆ ಮುಂಚೆ ವೇಷ ಕಟ್ಟುವುದನ್ನು ಪ್ರವಾಸಿಗಳಿಗೆ ನೋಡಗೊಡುವ ರೂಢಿ ಅಲ್ಲಿದೆ. ನಟರು ಚಾಪೆಯ ಮೇಲೆ ಅಂಗಾತ ಮಲಗಿರುತ್ತಾರೆ. ಚುಟ್ಟಿಯವರು ತಲೆಯ ಬಳಿ ಕುಳಿತು ಅಕ್ಕಿಯ ಹಿಟ್ಟಿನ ಲೇಪದಿಂದ ಗಲ್ಲದ ಅಂಚನ್ನು ಏರಿಸುತ್ತ, ಕಾಗದ ಕತ್ತರಿಸಿ ಅಂಟಿಸುತ್ತ ಹೋಗುತ್ತಾರೆ. ನಮ್ಮ ಯಕ್ಷಗಾನದ ಚೌಕಿಯಲ್ಲಿ ರಾಕ್ಷಸವೇಷಕ್ಕೆ ಇಡುವ ಚುಟ್ಟಿಯ ನೆನಪಾಯಿತು. ಅರದಾಳದ ಹಳದಿಗೆ ನೀಲಿಯನ್ನು ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಅರೆದು, ಧೀರೋದಾತ್ತ ನಾಯಕನಿಗೆ ಹಚ್ಚುವ 'ಪಚ್ಚ' ಎಂಬ ಹಸಿರನ್ನು ಮಾಡಿಕೊಳ್ಳುತ್ತಿದ್ದರು. ಕಸುಬಿನವರ ಕಣ್ಣಿಗೆ ಅದೊಂದು ಹಬ್ಬ. ಆ ಕೈಯ ನಿಧಾನವನ್ನು ನೋಡಿ, ಹತ್ತು ನಿಮಿಷಕ್ಕೊಂದು ಮುಖ ಮುಗಿಸುವ ನಮಗೆ ನಾಚಿಕೆಯಾಯಿತು. ನಾವು ಮೈಮರೆತು ನೋಡಿದುದು ಎಷ್ಟು ಹೊತ್ತೋ ತಿಳಿಯದು; ಹುಡುಗಿಯೂ ಕದಲಲಿಲ್ಲ.

ಆಟ ಮುಗಿದ ಮೇಲೆ ಅಪ್ಪಣೆ ಪಡೆದು ಅವಳನ್ನು ಒಳಗೆ ಕರೆದೊಯ್ದೆವು. ನಟರು ಚುಟ್ಟಿಯನ್ನು ಕಿತ್ತು, ಎಣ್ಣೆ ಸವರಿ, ಪಂಚೆಯ ತುಂಡಿನಿಂದ ಮುಖ ಒರೆಸುತ್ತಿದ್ದರು. ಹಸಿರಿನ ಕೆಳಗಿನಿಂದ ಹೊರಟಿತು ಅವಳದೇ ಬಣ್ಣ. ಅವರು ಬೀಡಾ ಬಾಯಿಗಿಟ್ಟು ನಕ್ಕರು. ಹುಡುಗಿ ಹಿಂದಿರುಗಿ ತಾಯಿಯನ್ನು ನೋಡಿದಳು, ಏನನ್ನೂ ಹೇಳಲಿಲ್ಲ.

ಮೂರನೆಯ ದಿನ, ಪುಡಿ ಮತ್ತು ತುಪ್ಪ ಹೊರತು ಬೇರೇನನ್ನೂ ಈ ಮಗುವಿಗೆ ಹಚ್ಚಲಾರೆವೆಂದು ತಾಯಿಗೆ ತಿಳಿಸಿದೆವು. ಆಕೆಗೆ ಸಿಟ್ಟು ಬಂದಿತು. "ನಿಮಗೇನು ಅಕ್ಕಾ, ಊರಿಗೆ ಹೋಗಿ ಇನ್ನೊಂದು ಮದುವೆ ಹಿಡಿಯುತ್ತೀರಿ. ಇವಳನ್ನು ಕಟ್ಟಿಕೊಂಡು ನಾನು ಎಷ್ಟು ಬಾಗಿಲು ತಟ್ಟಿದೆನೆಂದು ನಿಮಗೆ ಗೊತ್ತೇ?" ಎಂದಳು. ಗೊತ್ತಿರಲಿಲ್ಲ. ಕಂಪೆನಿಯವರಿಗಾದರೋ ಸಿಟ್ಟೂ ಬರಲಿಲ್ಲ. ಕಂಪ್ಯೂಟರಿನಲ್ಲಿ ಅದು ಒಂದು ನಿಮಿಷದ ಕೆಲಸವೆಂದು ಹೇಳಿ, ಹುಡುಗಿಯನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು.

ಎರಡು ತಿಂಗಳ ಮೇಲೆ ಚಿತ್ರಗಳ ಪುಸ್ತಕ ನಮಗೂ ಒಂದು ಬಂದಿತು. ಅವರು ಆರಿಸಿದ್ದುದು ಮೊದಲ ದಿನದ್ದನ್ನೇ: ಚೀನಾ ಬಲೆ, ಹಗ್ಗ, ಬೆಳ್ಳನೆಯ ಮುಖದ ಹುಡುಗಿ. ಹಗ್ಗ ಎಳೆದಾಗ ತೋಳಿನ ಅಂಗಿ ಮೇಲಕ್ಕೆ ಸರಿದು, ನಾವು ಹಚ್ಚಲು ಮರೆತಿದ್ದ ಎರಡಂಗುಲ ಮಣಿಕಟ್ಟು ಕಾಣುತ್ತಿದೆ. ಕಂಪ್ಯೂಟರಿನವರ ಕಣ್ಣಿಗೂ ಅದು ಬಿದ್ದಿಲ್ಲ.