ಮತಾಂತರದ ಮರುದಿನ: ಮಾರ್ಮನ್ ಪಾತ್ರಗಳು ಮತ್ತು ಕನ್ನಡದ ಒಂದು ಓದು

ಕಲಬುರಗಿಯ ಗಾಜಿಪುರದಲ್ಲಿ ಬಾಡಿಗೆ ಮನೆಯೊಂದರಲ್ಲಿ ವಾಸವಾಗಿದ್ದ ಕನ್ನಡ ಅಧ್ಯಾಪಕರೊಬ್ಬರು ತೌಲನಿಕ ಸಾಹಿತ್ಯದ ಪಾಠವನ್ನು ಪ್ರತಿವರ್ಷವೂ ಒಂದು ಪತ್ತೇದಾರಿ ಕಾದಂಬರಿಯಿಂದ ಆರಂಭಿಸುತ್ತಿದ್ದರು. ಅದು ಆರ್ಥರ್ ಕಾನನ್ ಡಾಯ್ಲ್ ಬರೆದ 'ಎ ಸ್ಟಡಿ ಇನ್ ಸ್ಕಾರ್ಲೆಟ್'. 1887ರಲ್ಲಿ ಪ್ರಕಟವಾದ ಈ ಕೃತಿಯಲ್ಲಿಯೇ ಷರ್ಲಾಕ್ ಹೋಮ್ಸ್ ಮೊದಲ ಬಾರಿಗೆ ಕಾಣಿಸಿಕೊಂಡದ್ದು. ವಿದ್ಯಾರ್ಥಿಗಳಿಗೆ ಹೋಮ್ಸ್‌ನ ಹೆಸರು ಪರಿಚಿತವಾದುದರಿಂದ ತರಗತಿ ಬೇಗ ಕಿವಿಗೊಡುತ್ತಿತ್ತು. ಆದರೆ ಅಧ್ಯಾಪಕರಿಗೆ ಬೇಕಾಗಿದ್ದುದು ಕಾದಂಬರಿಯ ಎರಡನೆಯ ಭಾಗ. ಲಂಡನ್ನಿನ ಕೊಲೆಯ ಕಾರಣವನ್ನು ಅಮೇರಿಕದ ಮರುಭೂಮಿಯಲ್ಲಿ, ಮಾರ್ಮನ್ನರ ನಾಡಿನಲ್ಲಿ ಹುಡುಕುವ ಭಾಗ.

ಮರುಭೂಮಿಯಲ್ಲಿ ನೀರಿಲ್ಲದೆ ಸಾಯಲಿರುವ ಜಾನ್ ಫೆರಿಯರ್ ಮತ್ತು ಪುಟ್ಟ ಹುಡುಗಿ ಲೂಸಿಯನ್ನು ಮಾರ್ಮನ್ ಯಾತ್ರಿಕರು ಕಾಪಾಡುತ್ತಾರೆ. ತಮ್ಮ ಧರ್ಮವನ್ನು ಒಪ್ಪಿಕೊಳ್ಳಬೇಕೆಂಬುದು ಅವರ ಷರತ್ತು. ಲೂಸಿ ಬೆಳೆದು ಅನ್ಯಮತೀಯನಾದ ಜೆಫರ್ಸನ್ ಹೋಪ್‌ನನ್ನು ಪ್ರೀತಿಸುತ್ತಾಳೆ. ಮೂವತ್ತು ದಿನಗಳೊಳಗೆ ಮಾರ್ಮನ್ ಹಿರಿಯರ ಮಗನೊಬ್ಬನನ್ನು ವರಿಸಬೇಕೆಂದು ಆಜ್ಞೆಯಾಗುತ್ತದೆ. ತಪ್ಪಿಸಿಕೊಂಡು ಓಡುವಾಗ ಫೆರಿಯರ್ ಕೊಲೆಯಾಗುತ್ತಾನೆ. ಬಲವಂತದ ವಿವಾಹವಾದ ಲೂಸಿ ತಿಂಗಳೊಳಗೆ ಕೊರಗಿ ಸಾಯುತ್ತಾಳೆ. ಈ ಕಥೆಯನ್ನು ಅಧ್ಯಾಪಕರು ರಸವತ್ತಾಗಿ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ, ಕಾದಂಬರಿಯನ್ನು ಇತಿಹಾಸವೆಂಬಂತೆ ವಿವರಿಸಿಬಿಡುತ್ತಿದ್ದರು. ಹಲವು ವರ್ಷ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ, ಅವರೂ ತಮ್ಮನ್ನು ತಾವು ಕೇಳಿಕೊಂಡಿರಲಿಲ್ಲ.

ಇತಿಹಾಸದ ನೆಲೆಯಲ್ಲಿ ನೋಡಿದರೆ ವಿಷಯ ಅಷ್ಟು ಸರಳವಲ್ಲ. ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಈ ಸಭೆಯನ್ನು ಸ್ಥಾಪಿಸಿದ. ಚಿನ್ನದ ತಗಡುಗಳಿಂದ ಅನುವಾದಿಸಿದ್ದೆಂದು ಅವನು ಹೇಳಿದ 'ಬುಕ್ ಆಫ್ ಮಾರ್ಮನ್' ಪ್ರಕಟವಾದದ್ದೂ ಅದೇ ವರ್ಷ. 1838ರಲ್ಲಿ ಮಿಸ್ಸೌರಿಯ ರಾಜ್ಯಪಾಲ ಮಾರ್ಮನ್ನರನ್ನು ನಿರ್ಮೂಲ ಮಾಡಬೇಕು ಇಲ್ಲವೇ ರಾಜ್ಯದಿಂದ ಹೊರಗಟ್ಟಬೇಕು ಎಂದು ಆದೇಶಿಸಿದ. 1844ರಲ್ಲಿ ಸ್ಮಿತ್‌ನನ್ನು ಸೆರೆಮನೆಯಲ್ಲಿಯೇ ಗುಂಪೊಂದು ಕೊಂದಿತು. ಬ್ರಿಗಮ್ ಯಂಗ್‌ನ ನೇತೃತ್ವದಲ್ಲಿ 1847ರಲ್ಲಿ ಅವರು ಸಾಲ್ಟ್ ಲೇಕ್ ಕಣಿವೆ ಸೇರಿದರು. ಬೆನ್ನಟ್ಟಿಸಿಕೊಂಡು ಬಂದ ಈ ಸಮುದಾಯ ತಾನೂ ಹಿಂಸೆಗೆ ಇಳಿದದ್ದುಂಟು: 1857ರಲ್ಲಿ ಮೌಂಟನ್ ಮೆಡೋಸ್ ಎಂಬಲ್ಲಿ ಸುಮಾರು 120 ವಲಸಿಗರನ್ನು ಮಾರ್ಮನ್ ಸೇನಾದಳದವರು ಕೊಂದರು. ಬಹುಪತ್ನಿತ್ವವನ್ನು 1852ರಲ್ಲಿ ಬಹಿರಂಗವಾಗಿ ಸಾರಿದ ಸಭೆ 1890ರಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿತು. ಹೀಗೆ ಹೊಡೆಸಿಕೊಂಡವರೂ ಹೊಡೆದವರೂ ಒಂದೇ ಸಮುದಾಯದಲ್ಲಿದ್ದರು. ಜನಪ್ರಿಯ ಕಾದಂಬರಿಗೆ ಇದರಲ್ಲಿ ಅರ್ಧವಷ್ಟೇ ಬೇಕಾಗಿತ್ತು.

ಡಾಯ್ಲ್ ಈ ಕಾದಂಬರಿ ಬರೆಯುವ ಹೊತ್ತಿಗೆ ಅಮೇರಿಕವನ್ನು ಕಂಡಿರಲಿಲ್ಲ. ಅವನ ಆಕರ ಆ ಕಾಲದ ಮುದ್ರಿತ ವದಂತಿ. 1912ರಲ್ಲಿ ಝೇನ್ ಗ್ರೇ ಬರೆದ 'ರೈಡರ್ಸ್ ಆಫ್ ದಿ ಪರ್ಪಲ್ ಸೇಜ್' ಕೂಡ ಮಾರ್ಮನ್ ಹಿರಿಯನ ಬಲವಂತದ ವಿವಾಹಕ್ಕೆ ಒಪ್ಪದ ಹೆಣ್ಣೊಬ್ಬಳ ಕಥೆಯೇ. ಸಭೆಯು ಬಹುಪತ್ನಿತ್ವವನ್ನು ಕೈಬಿಟ್ಟು ಎರಡು ದಶಕ ಕಳೆದಿದ್ದರೂ ಕಥನವು ಅದನ್ನು ಕೈಬಿಟ್ಟಿರಲಿಲ್ಲ ಎಂಬುದು ಗಮನಾರ್ಹ. ಹೊರಗಿನವರ ಕಣ್ಣಿಗೆ ಒಂದು ಧರ್ಮದ ಅತ್ಯಂತ ವಿಚಿತ್ರವಾದ ಅಂಶವೇ ಅದರ ಇಡೀ ಸ್ವರೂಪವಾಗಿ ಕಾಣುತ್ತದೆ. 1923ರಲ್ಲಿ ಪ್ರೇತವಾದದ ಉಪನ್ಯಾಸಕ್ಕೆಂದು ಡಾಯ್ಲ್ ಸಾಲ್ಟ್ ಲೇಕ್ ನಗರಕ್ಕೆ ಹೋದಾಗ, ಅವನು ಖಳರನ್ನಾಗಿ ಚಿತ್ರಿಸಿದ್ದ ಆ ಜನರೇ ತಮ್ಮ ಸಭಾಮಂದಿರವನ್ನು ಅವನಿಗೆ ಬಿಟ್ಟುಕೊಟ್ಟರು.

ಒಂದು ವರ್ಷ ಈ ಪಾಠದ ಮುಂದುವರಿಕೆಯಾಗಿ ಅಧ್ಯಾಪಕರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯನ್ನು ಕೈಗೆತ್ತಿಕೊಂಡರು. ಪಾದ್ರಿ ಜೀವರತ್ನಯ್ಯ, ಮಲೆನಾಡನ್ನು ಬೆರಗಾಗಿಸುವ ಬೈಸಿಕಲ್ಲು, ಬೆಟ್ಟಳ್ಳಿಯ ದೇವಯ್ಯ ಕಿಲಸ್ತರ ಕಡೆಗೆ ವಾಲುವುದು, ಇವನ್ನೆಲ್ಲ ವಸಾಹತುಶಾಹಿ ಆಧುನಿಕತೆಯ ಸಂಕೇತಗಳಾಗಿ ವಿವರಿಸಿದರು. ತರಗತಿ ಮುಗಿಯುವಾಗ ಕಮಲಾಪುರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಅವಳದು ಮೆಥಡಿಸ್ಟ್ ಕುಟುಂಬ. ನಿಜಾಮರ ಕಾಲದಲ್ಲಿ ಬೀದರ, ಕಲಬುರಗಿ ಸೀಮೆಗೆ ಬಂದ ಅಮೇರಿಕದ ಮಿಷನರಿಗಳಿಂದ ಅವಳ ಮುತ್ತಜ್ಜನ ತಲೆಮಾರು ಕ್ರೈಸ್ತಮತ ಸ್ವೀಕರಿಸಿತ್ತು.

"ಸರ್, ಕಾದಂಬರಿಯಾಗ ನಮ್ಮವ್ರು ಒಂದೇ ದಿನಾ ಬರ್ತಾರ್ರಿ, ಮತಾಂತರ ಆಗೋ ದಿನಾ. ಮರುದಿನದಿಂದ ಯಾರೂ ಕಾಣಂಗಿಲ್ರಿ. ನಾವು ನಾಕು ತಲೆಮಾರಿನಿಂದ ಇದ್ದೀವಿ. ನಮ್ಮ ಆಯಿ ಬೈಬಲ್ಲೂ ಓದ್ತಾಳ, ಮೊಹರಂ ಪದಾನೂ ಹಾಡ್ತಾಳ. ಆಕಿ ಯಾವ ಪುಸ್ತಕದಾಗೂ ಇಲ್ರಿ."

ಅಧ್ಯಾಪಕರು ಕ್ಷಣಕಾಲ ತಡವರಿಸಿ, "ಖರೇ ಅದ ತಾಯಿ. ನಾಳೆ ಮಾತಾಡೋಣು" ಎಂದರು. ಆ ನಾಳೆ ಬರಲು ಒಂದು ವಾರವೇ ಹಿಡಿಯಿತು.

ಆ ವಾರ ಅವರು ಕಪಾಟಿನ ಪುಸ್ತಕಗಳನ್ನು ಮತ್ತೆ ತೆಗೆದರು. ಕುವೆಂಪು ಅವರನ್ನು ಆಕ್ಷೇಪಿಸುವುದು ಸುಲಭವೂ ಅನುಚಿತವೂ ಆಗುತ್ತಿತ್ತು. ಆ ಕಾದಂಬರಿಯ ಕಾಲವೇ ಮಿಷನರಿಗಳು ಮಲೆನಾಡಿಗೆ ಕಾಲಿಡುತ್ತಿದ್ದ ಕಾಲ. ಕೊರತೆಯಿದ್ದುದು ಪಾಠದ ಆಯ್ಕೆಯಲ್ಲಿ. ನಾ. ಡಿಸೋಜ ಅವರ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಕಪಾಟಿನಲ್ಲಿಯೇ ಇತ್ತು. ಅಲ್ಲಿ ಕ್ರೈಸ್ತ ಧರ್ಮವು ಹೊರಗಿನಿಂದ ಬರುವ ಘಟನೆಯಲ್ಲ. ಮನೆಗಳ ನಡುವೆ ನೆಲೆಯೂರಿದ ಬದುಕು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಕೃತಿಯಲ್ಲಿ ತಲಾಖಿನ ಕ್ರೌರ್ಯವನ್ನು ಬರೆದಾಗಲೂ ನಾದಿರಾ ಒಂದು ಮತದ ಮಾದರಿಯಾಗಿ ಉಳಿಯುವುದಿಲ್ಲ. ತಾಯಿ, ಮಗಳು, ಹೆಂಡತಿಯಾಗಿ ನೋಯುತ್ತಾಳೆ. ಲೂಸಿ ಫೆರಿಯರಳಿಗೂ ನಾದಿರಾಳಿಗೂ ಇರುವ ಅಂತರ ಇದೇ. ಇಬ್ಬರ ಮೇಲೂ ವಿವಾಹದ ಹೆಸರಿನಲ್ಲಿ ಬಲಾತ್ಕಾರ ನಡೆಯುತ್ತದೆ. ಆದರೆ ಲೂಸಿಯ ಸಾವು ಓದುಗನಿಗೆ ಮಾರ್ಮನ್ನರ ಮೇಲಿನ ಸಿಟ್ಟನ್ನಷ್ಟೇ ಉಳಿಸುತ್ತದೆ. ನಾದಿರಾಳ ಕಥೆ ಅವಳನ್ನೇ ಉಳಿಸುತ್ತದೆ.

ಹಾಗೆಂದು ಒಳಗಿನವರು ಮಾತ್ರ ಬರೆಯಬೇಕೆಂಬ ನಿಲುವೂ ನಿಲ್ಲಲಾರದು. ಒಳಗಿನವರ ದಾರಿ ಸುಗಮವಾದುದೇನಲ್ಲ. ಮಾರ್ಮನ್ ಮನೆತನದಲ್ಲಿಯೇ ಹುಟ್ಟಿದ ಮೌರೀನ್ ವಿಪ್ಪಲ್ 1941ರಲ್ಲಿ 'ದಿ ಜೈಂಟ್ ಜೋಶುವಾ' ಪ್ರಕಟಿಸಿ, ಮೂರನೆಯ ಹೆಂಡತಿಯಾಗಿ ಬಾಳಿದ ಕ್ಲೋರಿಯ ದಣಿವನ್ನೂ ಶ್ರದ್ಧೆಯನ್ನೂ ಒಟ್ಟಿಗೆ ಬರೆದಾಗ ಸಭೆಯ ಹಿರಿಯರು ಮೆಚ್ಚಲಿಲ್ಲ. ಕನ್ನಡದಲ್ಲಿಯೂ 'ಸಂಸ್ಕಾರ' (1965) ಮಾಧ್ವ ಸಮುದಾಯದ ಕೆಲವರನ್ನು ಕೆರಳಿಸಿತು. ಶರಣರ ಕಾಲವನ್ನು ಕುರಿತ ಪಿ.ವಿ. ನಾರಾಯಣ ಅವರ 'ಧರ್ಮಕಾರಣ' (1995) ಕಾದಂಬರಿಯನ್ನು ಕರ್ನಾಟಕ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮಸೀದಿಯಲ್ಲಿ ಸ್ತ್ರೀಯರ ಪ್ರವೇಶದ ಹಕ್ಕನ್ನು ಕುರಿತು ಮಾತನಾಡಿದ್ದಕ್ಕೆ 2000ದಲ್ಲಿ ಬಹಿಷ್ಕಾರ ಎದುರಿಸಿದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಸಮುದಾಯದ ನೋವು ಸುಳ್ಳಲ್ಲ. ಲೇಖಕರ ಹಕ್ಕೂ ಸುಳ್ಳಲ್ಲ. ಎರಡನ್ನೂ ನಿಜವೆಂದು ಒಪ್ಪಿಕೊಂಡು ಓದುವುದು ವಿಮರ್ಶೆಯ ಹೊಣೆ.

ಹೊರಗಿನವರಿಗೂ ಈ ಹೊಣೆ ಅಸಾಧ್ಯವಲ್ಲ ಎಂಬುದಕ್ಕೆ ಯಹೂದಿ ಮನೆತನದ ಟೋನಿ ಕುಶ್ನರ್ 1990ರ ದಶಕದಲ್ಲಿ ಬರೆದ 'ಏಂಜೆಲ್ಸ್ ಇನ್ ಅಮೇರಿಕ' ನಾಟಕವೇ ಸಾಕ್ಷಿ. ಅದರಲ್ಲಿ ಸಾಲ್ಟ್ ಲೇಕ್ ನಗರದಿಂದ ಮಗನಿಗಾಗಿ ಬರುವ ಮಾರ್ಮನ್ ತಾಯಿ ಹ್ಯಾನಾ ಪಿಟ್, ಮೊದಲು ಬಿಗಿಮೋರೆಯ ಹೆಂಗಸಾಗಿ ಕಾಣುತ್ತಾಳೆ. ಕೊನೆಗೆ ಏಡ್ಸ್ ಪೀಡಿತನಾದ ಅಪರಿಚಿತನ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವಳೂ ಅವಳೇ. ದೇವದೂತರ ದರ್ಶನದ ಮಾತನ್ನು ಅವಳು ನಗದೆ ಕೇಳಬಲ್ಲಳು, ಏಕೆಂದರೆ ಅವಳ ಧರ್ಮ ಹುಟ್ಟಿದ್ದೇ ಅಂಥ ದರ್ಶನದಿಂದ. ಇಲ್ಲಿ ನಂಬಿಕೆಯು ಪಾತ್ರಕ್ಕೆ ಅಂಟಿಸಿದ ವೇಷವಲ್ಲ, ಪಾತ್ರವು ಬದಲಾಗಲು ಇರುವ ಶಕ್ತಿ. ಲೀವೈ ಪೀಟರ್ಸನ್‌ನ 'ದಿ ಬ್ಯಾಕ್‌ಸ್ಲೈಡರ್' (1986) ಕಾದಂಬರಿಯಲ್ಲಿ ದೇವರಿಗೆ ಅಂಜಿ ಅಂಜಿ ಬದುಕುವ ದನಗಾಹಿ ಯುವಕನಿಗೆ ಕ್ರಿಸ್ತನು ದನಗಾಹಿಯ ವೇಷದಲ್ಲಿಯೇ ಕಾಣಿಸಿಕೊಳ್ಳುತ್ತಾನೆ. ದೇವರು ತನ್ನವರ ಉಡುಪಿನಲ್ಲಿ ಬರುವುದು ವಚನ ಮತ್ತು ತತ್ವಪದಗಳ ನಾಡಿನ ಓದುಗರಿಗೆ ಅಪರಿಚಿತವೇನೂ ಅಲ್ಲ.

ಮಾರ್ಮನ್ನರು ಕನ್ನಡಕ್ಕೆ ದೂರದವರೆಂಬ ಭಾವನೆಯೂ ಪೂರ್ತಿ ಸರಿಯಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಈ ಸಭೆಯ ಮಿಷನ್ ಸ್ಥಾಪನೆಯಾಯಿತು. 2018ರಲ್ಲಿ ಅಲ್ಲಿಯೇ ಭಾರತದ ಮೊದಲ ಮಾರ್ಮನ್ ದೇವಾಲಯದ ನಿರ್ಮಾಣ ಘೋಷಣೆಯಾಯಿತು. ನಾಳೆ ಕನ್ನಡ ಕಥೆಯೊಂದರಲ್ಲಿ ಮಾರ್ಮನ್ ಪಾತ್ರವೊಂದು ಬಂದರೆ, ಅದು ಡಾಯ್ಲ್‌ನ ಮರುಭೂಮಿಯಿಂದ ಬರುವುದೋ ಅಥವಾ ಬೆಂಗಳೂರಿನ ಬಡಾವಣೆಯೊಂದರ ಅಡುಗೆಮನೆಯಿಂದ ಬರುವುದೋ ಎಂಬುದು ಇಂದಿನ ತರಗತಿಗಳಲ್ಲಿ ಏನನ್ನು ಓದಿಸಲಾಗುತ್ತದೆ ಎಂಬುದನ್ನೂ ಅವಲಂಬಿಸಿದೆ.

ವಾರದ ನಂತರ ಅಧ್ಯಾಪಕರು ತರಗತಿಯಲ್ಲಿ ತಮ್ಮ ತಪ್ಪನ್ನು ಒಪ್ಪಿಕೊಂಡರು. ಡಾಯ್ಲ್‌ನ ಕಾದಂಬರಿಯನ್ನು ಪಾಠದಿಂದ ತೆಗೆಯಲಿಲ್ಲ. ಅದರ ಪಕ್ಕದಲ್ಲಿ ವಿಪ್ಪಲ್‌ಳನ್ನೂ ಡಿಸೋಜರನ್ನೂ ಇಟ್ಟರು. ಆ ಸಲದ ನಿಯೋಜಿತ ಬರಹಕ್ಕೆ 'ಮತಾಂತರದ ಮರುದಿನ' ಎಂಬ ವಿಷಯ ಕೊಟ್ಟರು.

ಆ ವಿದ್ಯಾರ್ಥಿನಿ ಹನ್ನೆರಡು ಪುಟ ಬರೆದು ತಂದಳು. ಜೊತೆಗೆ ಕಮಲಾಪುರದ ಕೆಂಪು ಬಾಳೆಹಣ್ಣುಗಳಿದ್ದವು. "ಆಯಿ ಕೊಟ್ಟಾಳ್ರಿ ಸರ್" ಎಂದಳು. ಗಾಜಿಪುರದ ಮನೆಯಲ್ಲಿ ಆ ರಾತ್ರಿ ಅಧ್ಯಾಪಕರು ಕೆಂಪು ಪೆನ್ನು ಹಿಡಿದು ಓದಲು ಕುಳಿತರು. ಬರಹದ ತುಂಬ 'ಆಯಿ' ಎಂದೇ ಇತ್ತು. ಹಿಂದಿನ ವರ್ಷಗಳಲ್ಲಾಗಿದ್ದರೆ ಪ್ರತಿಯೊಂದನ್ನೂ ಹೊಡೆದು 'ಅಜ್ಜಿ' ಎಂದು ತಿದ್ದುತ್ತಿದ್ದರು. ಈ ಬಾರಿ ಒಂದನ್ನೂ ತಿದ್ದಲಿಲ್ಲ. ಕೊನೆಯ ಪುಟದ ಕೆಳಗೆ, ಮುಂದಿನ ತಲೆಮಾರನ್ನೂ ಬರೆಯಬೇಕೆಂದು ಒಂದು ಸಾಲು ಬರೆದು ಸಹಿ ಹಾಕಿದರು.