ಸ್ವಿಚ್ಚು ಯಾರ ಕೈಯಲ್ಲಿದೆ

ತಮ್ಮನ ಮದುವೆಯಲ್ಲಿ ಗಟ್ಟಿಮೇಳ ಶುರುವಾದ ಹೊತ್ತಿಗೆ ನನ್ನ ಮಗ ಎರಡೂ ಕಿವಿ ಮುಚ್ಚಿಕೊಂಡು ಛತ್ರದ ನೆಲದ ಮೇಲೆ ಹೊರಳಾಡುತ್ತಿದ್ದ. ಆಗ ಅವನಿಗೆ ನಾಲ್ಕು ವರ್ಷ. ‘ದೃಷ್ಟಿಯಾಗಿರಬೇಕು ಕಣೇ’ ಎಂದರು ಸೋದರತ್ತೆ. ‘ಹಟ ಅಷ್ಟೇ, ಎರಡು ಬಿಟ್ಟರೆ ಸರಿಹೋಗ್ತಾನೆ’ ಎಂದರು ಇನ್ಯಾರೋ. ನಾನು ಅವನ ಕೈಗಳನ್ನು ಕಿವಿಯಿಂದ ಎಳೆದು ಬಿಡಿಸಿ, ‘ಅಲ್ಲಿ ನೋಡು, ಮಾಮ ತಾಳಿ ಕಟ್ತಿದ್ದಾನೆ’ ಎಂದೆ. ಅವರಿಬ್ಬರ ಮಾತು ಮರೆತುಹೋಗಿದೆ ಎಂದುಕೊಳ್ಳಬಲ್ಲೆ. ಆ ಕೈ ಬಿಡಿಸಿದವಳು ನಾನು ಎನ್ನುವುದನ್ನು ಮಾತ್ರ ಮರೆಯಲಾಗಿಲ್ಲ.

ಅವನಿಗೆ ಆಟಿಸಂ ಇದೆಯೆಂದು ಡಾಕ್ಟರು ಹೇಳಿ ಆಗಲೇ ಆರು ತಿಂಗಳಾಗಿತ್ತು. ಮಾತು ತಡ, ಕಣ್ಣು ಕೊಟ್ಟು ನೋಡುವುದಿಲ್ಲ, ಇಷ್ಟೇ ನನಗೆ ಅರ್ಥವಾಗಿದ್ದದ್ದು. ಇಂಥ ಅನೇಕ ಮಕ್ಕಳಿಗೆ ಸದ್ದು, ಬೆಳಕು, ಸ್ಪರ್ಶಗಳು ನಮಗಿಂತ ಬಹಳ ಹೆಚ್ಚಾಗಿಯೋ ಬಹಳ ಕಡಿಮೆಯಾಗಿಯೋ ತಟ್ಟುತ್ತವೆ ಎನ್ನುವುದು ಗೊತ್ತಿರಲಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಕೂಡ ಇದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿಕೊಂಡದ್ದು 2013ರಲ್ಲಿ. ಹೊಸ ಅಂಗಿಯ ಕತ್ತಿನ ಪಟ್ಟಿ ಚುಚ್ಚುತ್ತದೆಂದು ಅವನು ಅಳುತ್ತಿದ್ದುದು, ಟ್ಯೂಬ್‌ಲೈಟ್ ಹಾಕಿದೊಡನೆ ಮುಖ ತಿರುಗಿಸುತ್ತಿದ್ದುದು, ಎಲ್ಲ ಆಮೇಲೆ ಒಂದೊಂದಾಗಿ ಅರ್ಥವಾದವು.

ಮದುವೆಯಾದ ತಿಂಗಳಿಗೆ ಬೆಂಗಳೂರಿನ ಒಂದು ಥೆರಪಿ ಕೇಂದ್ರದಲ್ಲಿ ನಮ್ಮನ್ನು ಅರೆಗತ್ತಲೆಯ ಕೋಣೆಯೊಂದಕ್ಕೆ ಕರೆದೊಯ್ದರು. ನೆಲದ ತುಂಬ ಮೆತ್ತೆ. ಮೂಲೆಯಲ್ಲಿ ಆಳೆತ್ತರದ ಗಾಜಿನಂಥ ಕೊಳವೆ, ಅದರ ನೀರಿನಲ್ಲಿ ಬಣ್ಣ ಬದಲಿಸುತ್ತ ಮೇಲೇಳುವ ಗುಳ್ಳೆಗಳು. ಬೆಳಕು ಹರಿಯುವ ದಾರದ ಗೊಂಚಲು. ಎಲ್ಲಿಂದಲೋ ತೇಲಿಬರುವ ಮೆಲುವಾದ ಸಂಗೀತ.

ಇಂಥ ಕೋಣೆಗಳ ಹುಟ್ಟೂರು ನೆದರ್ಲೆಂಡ್ಸ್. 1970ರ ದಶಕದಲ್ಲಿ ಎಡೆ ಎಂಬ ಊರಿನ ಹಾರ್ಟನ್‌ಬರ್ಗ್ ಕೇಂದ್ರದಲ್ಲಿ ಯಾನ್ ಹುಲ್ಸೆಖೆ ಮತ್ತು ಆಡ್ ಫೆರ್ಹುಲ್ ಎಂಬಿಬ್ಬರು ತೀವ್ರ ಬೌದ್ಧಿಕ ಅಂಗವೈಕಲ್ಯ ಇದ್ದವರಿಗಾಗಿ ಇದನ್ನು ರೂಪಿಸಿದರು. ಇಟ್ಟ ಹೆಸರು ಸ್ನೂಜ಼ಲನ್. ಮೂಸಿ ಹುಡುಕಾಡುವುದು, ತೂಕಡಿಸುವುದು ಎಂಬ ಎರಡು ಡಚ್ ಪದಗಳನ್ನು ಬೆಸೆದದ್ದು. ಇಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ. ಬಂದವರು ತಮಗೆ ಬೇಕಾದದ್ದನ್ನು ಮುಟ್ಟಿ, ನೋಡಿ, ಹಾಯಾಗಿರಬೇಕು. ಆಟಿಸಂ ಇರುವ ಮಕ್ಕಳಿಗೆ ಇದನ್ನು ಬಳಸತೊಡಗಿದ್ದು ಆಮೇಲೆ.

ಹಾಯಾಗಿರಲು ನಾನೆಲ್ಲಿ ಬಿಟ್ಟೆ? ‘ಪುಟ್ಟಾ, ಬಣ್ಣ ನೋಡು, ಕೆಂಪು! ಗುಳ್ಳೆ ನೋಡು, ಮುಟ್ಟು!’ ಕೊಟ್ಟ ಹಣಕ್ಕೆ ಅವನು ಎಲ್ಲವನ್ನೂ ನೋಡಬೇಕಿತ್ತು. ಅಲ್ಲಿನ ಹುಡುಗಿ ಮೆಲ್ಲಗೆ, ‘ಅಮ್ಮಾ, ನೀವು ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ’ ಎಂದಳು. ಅಂಗೈಯಗಲದ ಗುಂಡಿಗಳಿದ್ದ ಒಂದು ಸ್ವಿಚ್ಚನ್ನು ಅವನ ಪಕ್ಕದಲ್ಲಿಟ್ಟು ತಾನೂ ದೂರ ಸರಿದಳು.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವನು ಒಂದು ಗುಂಡಿ ಒತ್ತಿದ. ಸಂಗೀತ ನಿಂತಿತು. ಮತ್ತೆ ಒತ್ತಿದ, ಬಂತು. ಒತ್ತಿದ, ನಿಂತಿತು. ಹಾಗೆಯೇ ನಿಲ್ಲಿಸಿಬಿಟ್ಟ. ನಾನು ಇಂಪಾಗಿದೆ ಎಂದುಕೊಂಡಿದ್ದ ಸಂಗೀತ ಅವನಿಗೆ ಬೇಡವಾಗಿತ್ತು. ಆ ಮೌನದಲ್ಲಿ ಎದ್ದು ಹೋಗಿ ಕೊಳವೆಗೆ ಕೆನ್ನೆಯೊತ್ತಿ ನಿಂತ. ಗುಳ್ಳೆಗಳ ನಡುಕ ಅವನಿಗೆ ಹಿತವಾಗಿದ್ದಿರಬೇಕು.

ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು 4ರಿಂದ 12 ವಯಸ್ಸಿನ 41 ಮಕ್ಕಳ ಮೇಲೆ ನಡೆಸಿ, 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಆಮೇಲೆ ಓದಿದೆ. ಕೋಣೆಯ ಬೆಳಕು, ಸದ್ದುಗಳ ಹಿಡಿತ ಮಕ್ಕಳ ಕೈಯಲ್ಲೇ ಇದ್ದಾಗ ಅವರ ಗಮನ ಹೆಚ್ಚಿತ್ತು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಕಡಿಮೆಯಾಗಿತ್ತು. ಸಣ್ಣ ಅಧ್ಯಯನ. ಕೋಣೆ ಆಟಿಸಂ ವಾಸಿ ಮಾಡುತ್ತದೆಂದು ಅದು ಹೇಳುವುದಿಲ್ಲ. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಯೂ ಇಲ್ಲ.

ಕೆಲವು ತಿಂಗಳ ನಂತರ ಆ ಕೋಣೆಯ ಶುಲ್ಕ ನಮಗೆ ಭಾರವಾಗಿ ಹೋಗುವುದನ್ನು ನಿಲ್ಲಿಸಿದೆವು. ಆದರೆ ಸ್ವಿಚ್ಚು ತಲೆಯಲ್ಲಿ ಉಳಿದಿತ್ತು. ನಮ್ಮ ಮನೆಯಲ್ಲಿ ಬೆಳಿಗ್ಗೆ ಚಟ್ನಿ ರುಬ್ಬಲು ಮಿಕ್ಸಿ ಹಾಕಿದರೆ ಸಾಕು, ಅವನು ಮಂಚದ ಕೆಳಗೆ. ಒಂದು ಭಾನುವಾರ ಅವನನ್ನು ಅಡುಗೆ ಕಟ್ಟೆಯ ಮೇಲೆ ಕೂರಿಸಿ, ಮಿಕ್ಸಿಯ ತಿರುಗಣೆ ತೋರಿಸಿ, ‘ನೀನೇ ಹಾಕು. ಬೇಡದಿದ್ದರೆ ಬೇಡ’ ಎಂದೆ. ತುಂಬ ಹೊತ್ತು ನೋಡಿದ. ತಿರುಗಿಸಿದ. ಗುರ್ರೆಂದಿತು. ತಕ್ಷಣ ನಿಲ್ಲಿಸಿ ನನ್ನ ಮುಖ ನೋಡಿದ. ಮತ್ತೆ ತಿರುಗಿಸಿದ. ಆ ದಿನದ ಚಟ್ನಿ ಬೆಣ್ಣೆಯ ಹಾಗಿತ್ತು.

ನಾನು ಹಾಕಿದರೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತಾನೆ. ಹಾಗಾಗಿ ರುಬ್ಬುವ ಕೆಲಸ ಅವನದೇ.

ಮುಂದಿನ ತಿಂಗಳು ತಮ್ಮನ ಮಗುವಿಗೆ ನಾಮಕರಣ. ವಾಲಗ ಇದೆಯಂತೆ. ಹೋಗುತ್ತೇವೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತೇವೆ, ಅವನು ನನ್ನ ಸೆರಗು ಎಳೆದರೆ ಎದ್ದು ಹೊರಗೆ ಬರುತ್ತೇವೆ. ಕಿವಿ ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ, ನಾನು ಕೈ ಬಿಡಿಸುವುದಿಲ್ಲ.